ಬೆಟ್ಟ, ಮಂಜು, ಮನುಷ್ಯ



ಊರಿನ ಶಾಲೆಯಲ್ಲಿ 'ಪ್ರಕೃತಿ ದೃಶ್ಯ ಬರೆಯಿರಿ' ಎಂದರೆ ನಾವೆಲ್ಲ ಬರೆಯುತ್ತಿದ್ದುದು ಒಂದೇ ಚಿತ್ರ. ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನಮರ. ಹತ್ತಿರದ ಮರಕ್ಕೂ ದೂರದ ಬೆಟ್ಟಕ್ಕೂ ಅಷ್ಟೇ ಗಾಢ ಬಣ್ಣ. ಮನುಷ್ಯರ ಸುಳಿವೇ ಇರುತ್ತಿರಲಿಲ್ಲ. ಸ್ನೊಕ್ವಾಲ್ಮಿಯ ಚಿತ್ರ ಬರೆಯಬೇಕಾದರೆ ದೂರವನ್ನೂ ಮನುಷ್ಯನನ್ನೂ ಹೊಸದಾಗಿ ಕಲಿಯಬೇಕು.

ಮೊದಲು ದೂರ. ಗಾಳಿ ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುತ್ತದೆ. ಹೀಗಾಗಿ ನಮಗೂ ಬೆಟ್ಟಕ್ಕೂ ನಡುವೆ ನೀಲಿ ಪರದೆಯೊಂದು ಕಟ್ಟಿದಂತಾಗುತ್ತದೆ. 4,167 ಅಡಿ ಎತ್ತರದ ಮೌಂಟ್ ಸೈಯನ್ನು ನೋಡಿ: ಹತ್ತಿರದ ಫರ್ ಮರಗಳು ಕಡುಹಸಿರು, ಹಿಂದಿನ ಬೆಟ್ಟ ಮಾಸಲು ನೀಲಿ. ಜಲವರ್ಣದಲ್ಲಿ ಬೆಟ್ಟದಿಂದಲೇ ಆರಂಭಿಸಿ. ನೀರು ಹೆಚ್ಚು, ಬಣ್ಣ ಕಡಿಮೆ, ಅಂಚು ಮೃದು. ಅದು ಒಣಗಿದ ಮೇಲೆ ನಡುವಣ ಕಾಡು. ಕೊನೆಗೆ ಹತ್ತಿರದ ಗಾಢ ಮರ. ಅವನೀಂದ್ರನಾಥ ಠಾಕೂರರ ಶಿಷ್ಯರಾದ ನಮ್ಮ ಕೆ. ವೆಂಕಟಪ್ಪನವರು (1886–1965) ಊಟಿ, ಕೊಡೈಕನಾಲ್‌ಗಳ ಬೆಟ್ಟಗಳನ್ನು ಜಲವರ್ಣದಲ್ಲೇ ಬರೆದರು. ದೂರದ ನೀಲಿ ನಮಗೇನೂ ಹೊಸದಲ್ಲ, ನೀಲಗಿರಿಯ ಹೆಸರಲ್ಲೇ ಅದು ಇದೆ.

ಇನ್ನು ಮನುಷ್ಯ. ಜೋಗ 830 ಅಡಿ, ಸ್ನೊಕ್ವಾಲ್ಮಿ ಜಲಪಾತ 268 ಅಡಿ. ಕಾಗದದ ಮೇಲೆ ಎರಡೂ ಒಂದೇ! ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಒಬ್ಬ ಮನುಷ್ಯನನ್ನು ನಿಲ್ಲಿಸಿದರೆ ಮಾತ್ರ ಎತ್ತರ ತಿಳಿಯುತ್ತದೆ. ಕಣ್ಣು ಮೂಗು ಬೇಡ, ತಲೆ ಮತ್ತು ಭುಜ ಸಾಕು. ದೂರದವನ ಅಂಗಿಗೂ ಬಣ್ಣ ತಿಳಿಯಾಗಿರಲಿ. ಅಚ್ಚ ಕೆಂಪು ಬಳಿದರೆ ಅವನು ಮುಂದಕ್ಕೆ ನೆಗೆದು ಬಂದಂತೆ ಕಾಣುತ್ತಾನೆ.

ಆದರೆ ಯಾರನ್ನು ನಿಲ್ಲಿಸಬೇಕು? ಇಲ್ಲಿ ಒಂದು ಮಾತು ನೆನಪಿರಲಿ. ಈ ಜಲಪಾತ ಸ್ನೊಕ್ವಾಲ್ಮಿ ಬುಡಕಟ್ಟಿನವರ ಪುಣ್ಯಸ್ಥಳ. ಇಲ್ಲಿಂದ ಏಳುವ ತುಂತುರು ಮಂಜು ತಮ್ಮ ಪ್ರಾರ್ಥನೆಯನ್ನು ಮೇಲಕ್ಕೆ ಒಯ್ಯುತ್ತದೆಂಬುದು ಅವರ ನಂಬಿಕೆ. ಜಲಪಾತದ ನೆತ್ತಿಯ ಸ್ಯಾಲಿಶ್ ಲಾಡ್ಜನ್ನೂ ಅಕ್ಕಪಕ್ಕದ ಜಾಗವನ್ನೂ 2019ರಲ್ಲಿ ಆ ಬುಡಕಟ್ಟೇ ಕೊಂಡುಕೊಂಡಿತು. ನಾವು ಬಿಳಿಯಾಗಿ ಬಿಡುವ ಆ ಜಾಗ ಖಾಲಿಯಲ್ಲ, ನಮಗಿಂತ ಮೊದಲಿದ್ದವರ ಮಾತು ಅಲ್ಲಿದೆ.

ಹಾಗೆಂದು ನಮ್ಮವರು ಚಿತ್ರದಲ್ಲಿ ಇರಬಾರದೆಂದಲ್ಲ. ಊರಿನಿಂದ ಬಂದ ಅಜ್ಜಿ ಸೀರೆಯ ಮೇಲೆ ಸ್ವೆಟರ್ ತೊಟ್ಟು ಕಟಕಟೆಯ ಬಳಿ ನಿಂತಿರಲಿ, ಮೊಮ್ಮಗಳು ಕೈ ಹಿಡಿದಿರಲಿ. ಬೆಟ್ಟವನ್ನು ಮರೆಮಾಡದಷ್ಟು ಚಿಕ್ಕದಾಗಿ, ಆದರೆ ಅಳಿಸಿಹೋಗದಷ್ಟು ಸ್ಪಷ್ಟವಾಗಿ. ಹೊಸ ನಾಡಿನಲ್ಲಿ ಬಾಳುವ ನಮಗೆ ಈ ಅಳತೆ ಕಾಗದದಾಚೆಗೂ ಬೇಕಾದದ್ದು.

ಬಿಸಿಲಿಗಾಗಿ ಕಾಯಬೇಡಿ. ಮೋಡ ಕವಿದ ಒಂದು ಬೆಳಿಗ್ಗೆ ಮಕ್ಕಳೊಡನೆ ಹೋಗಿ ಕುಂಚ ಹಿಡಿಯಿರಿ.