ಅವ್ವನ ಕಟ್ಟೆಗೆ ಹಲಸಿನ ಹಲಗೆ

ಮದ್ದೂರಿನ ನಮ್ಮನೆ ಅಡುಗೆಮನೆ ನಡುವೆ ಒಂದು ಕಿಚನ್ ಐಲ್ಯಾಂಡ್ ಕಟ್ಟಬೇಕು ಅನ್ನೋ ಹುಚ್ಚು ನಂಗೆ. ‘ಗ್ರಾನೈಟ್ ಹಾಕ್ಸೋ’ ಅಂದ್ಲು ಅವ್ವ. ಕೇಳಲಿಲ್ಲ. ಮಳವಳ್ಳಿಯಿಂದ ಹಲಸಿನ ಹಲಗೆ ತಂದು, ಅಂಟು ಹಾಕಿ ಜೋಡಿಸಿದೆ. ಮಂಡ್ಯದ ಆಚಾರ್ರು ಹೇಳಿದ್ರು: ‘ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ತದೆ, ಬೇಸಿಗೇಲಿ ಕುಗ್ತದೆ. ಬಿಗೀಬೇಡ ಕಣಪ್ಪ.’ ನಾನು ಯೂಟ್ಯೂಬ್ ನೋಡಿದವನಲ್ವಾ, ನಾಲ್ಕೂ ಮೂಲೆಗೆ ಸ್ಕ್ರೂ ಬಿಗಿದೆ. ಮಾರ್ಚ್ ತಿಂಗಳ ಒಂದು ರಾತ್ರಿ ಫಟ್ ಅಂತ ಸದ್ದು. ಉದ್ದಕ್ಕೂ ಸೀಳು!

ಆಚಾರ್ರು ಬೈಯಲಿಲ್ಲ, ಅದೇ ನಾಚಿಕೆ. ಸೀಳು ಕೂಡಿಸಿ, ಕೆಳಗಿನ ಪಟ್ಟಿಯಲ್ಲಿ ಸ್ಕ್ರೂ ತೂತುಗಳನ್ನ ಅಗಲದ ದಿಕ್ಕಿಗೆ ಉದ್ದ ಮಾಡಿದ್ರು, ಮರ ಸರಿದಾಡಲಿ ಅಂತ. ಮೇಲೆ ಮಾತ್ರ ಬಳಿದಿದ್ದ ಅಗಸೆ ಎಣ್ಣೆಯನ್ನ ಅಡಿಗೂ ಬಳಿದ್ವಿ. ಈಗ ಅವ್ವ ಅದರ ಮೇಲೇ ಮುದ್ದೆ ಕಟ್ತಾಳೆ. ಬಿಸಿ ಪಾತ್ರೆ ಇಟ್ರೆ ಬೈಗುಳ ನಂಗೇ.