ಏಳು ಮಂದಿ, ಏಳು ಕಣಿವೆ



ಮೇ ತಿಂಗಳು ಬಂತೆಂದರೆ ಮುಂಬಯಿ, ಪುಣೆ, ಹೈದರಾಬಾದ್, ದೆಹಲಿಯ ಆಫೀಸುಗಳಲ್ಲಿ ರಜೆ ಅರ್ಜಿಗಳು ಜಾಸ್ತಿಯಾಗುತ್ತವೆ. ಕೆಲವು ಮದುವೆ, ಮುಂಜಿಗೆ ಊರಿಗೆ ಹೋಗುವವರದು. ಇನ್ನು ಕೆಲವು ಬೈಕಿನಲ್ಲಿ ಲಡಾಖಿಗೆ ಹೊರಟವರದು. ಈಗ ನಮ್ಮ ಕನ್ನಡಿಗರ ಮನೆಗಳಲ್ಲೂ ಮಗನೋ ಮಗಳೋ "ಅಮ್ಮಾ, ಈ ಸಲ ಲೇಹ್‌ಗೆ ಹೋಗಿಬರ್ತೀನಿ" ಎನ್ನುವುದು ಮಾಮೂಲಾಗಿದೆ. ಇಂದಿನ ನನ್ನ ಮಾತು ಹಾಗೆ ಹೊರಡುವವರಿಗಾಗಿ. ಜೊತೆಗೆ, ಅವರನ್ನು ಕಳಿಸಿ ಫೋನಿನ ಪಕ್ಕದಲ್ಲೇ ಕೂರುವ ಅಪ್ಪ ಅಮ್ಮಂದಿರಿಗಾಗಿ.

2024ರ ಸೆಪ್ಟೆಂಬರಿನಲ್ಲಿ ನಾವು ಏಳು ಮಂದಿ ಕನ್ನಡಿಗರು ಈ ದಾರಿಯಲ್ಲಿ ಹೋಗಿಬಂದೆವು. ಎಲ್ಲರೂ ಬೇರೆ ಬೇರೆ ಊರಿನಲ್ಲಿ ಇರುವವರು. ಹಿರಿಯರು ಪುಣೆಯವರು, ಬ್ಯಾಂಕಿನಿಂದ ನಿವೃತ್ತರು. ಕಿರಿಯನಿಗೆ ಇಪ್ಪತ್ಮೂರು, ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ. ಮುಂಬಯಿಯ ಒಬ್ಬ ನರ್ಸ್ ಇದ್ದರು, ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದುದು. ಬೈಕುಗಳ ಟ್ಯಾಂಕಿನಿಂದ ಪೆಟ್ರೋಲ್ ಪೂರ್ತಿ ಇಳಿಸಿ, ಗೋಣಿ ಸುತ್ತಿ, ರೈಲಿನ ಪಾರ್ಸೆಲ್ಲಿನಲ್ಲಿ ಜಮ್ಮುವಿಗೆ ಕಳಿಸಿದೆವು. ಅಲ್ಲಿಂದ ಶ್ರೀನಗರ, ಕಾರ್ಗಿಲ್, ಲೇಹ್. ಇಳಿಯುವಾಗ ಸರ್ಚು, ಕೇಲಾಂಗ್, ಮನಾಲಿ. ಡೇರೆ, ಒಲೆ, ಪಾತ್ರೆ ಎಲ್ಲ ಬೈಕಿನ ಹಿಂದೆಯೇ.

ಲಡಾಖಿ ಭಾಷೆಯಲ್ಲಿ 'ಲಾ' ಎಂದರೆ ಎರಡು ಶಿಖರಗಳ ನಡುವೆ ಬೆಟ್ಟ ದಾಟುವ ಜಾಗ. ನಾವು ಕಣಿವೆ ಎನ್ನುತ್ತೇವಲ್ಲ, ಅದು. ಹೋಗುವಾಗ ಜೋಜಿ ಲಾ, ನಮಿಕಾ ಲಾ, ಫೋತು ಲಾ. ಬರುವಾಗ ತಂಗ್ಲಾಂಗ್ ಲಾ, ಲಾಚುಂಗ್ ಲಾ, ನಕೀ ಲಾ, ಬಾರಾಲಾಚಾ ಲಾ. ಹೀಗೆ ಏಳು. ಎಂಟನೆಯದಾದ ರೋಹ್‌ತಾಂಗನ್ನು ಹತ್ತುವ ಅಗತ್ಯ ಈಗಿಲ್ಲ. 2020ರ ಅಕ್ಟೋಬರಿನಲ್ಲಿ ತೆರೆದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಬೆಟ್ಟದ ಹೊಟ್ಟೆಯೊಳಗಿಂದಲೇ ದಾಟಿಸುತ್ತದೆ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಮ್ಮಲ್ಲಿದೆ. ಈ ಬೆಟ್ಟಗಳ ಒರಟುತನ ಮೊದಲು ಕಾಣುವುದು ರಸ್ತೆಯಲ್ಲಲ್ಲ, ಗಾಳಿಯಲ್ಲಿ. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ತಂಗ್ಲಾಂಗ್ ಲಾ 5,328 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಒಂದು ಉಸಿರಿಗೆ ಮುಂಬಯಿಯಲ್ಲಿ ಸಿಗುವ ಆಮ್ಲಜನಕದ ಸುಮಾರು ಅರ್ಧ ಮಾತ್ರ ಇಲ್ಲಿ ಸಿಗುತ್ತದೆ.

ಬೈಕಿಗೂ ಇದೇ ಕಷ್ಟ. ಹಳೆಯ ಕಾರ್ಬ್ಯುರೇಟರ್ ಬೈಕಿನಲ್ಲಿ ಪೆಟ್ರೋಲ್ ಎಂದಿನಷ್ಟೇ ಹರಿಯುತ್ತದೆ, ಗಾಳಿ ಸಾಲದು. ಕಪ್ಪು ಹೊಗೆ ಬರುತ್ತದೆ, ಏರಿನಲ್ಲಿ ಮುಕ್ಕರಿಯುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇರುವ ಬೈಕು ಪೆಟ್ರೋಲನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ಆದರೆ ಅದರ ಕಸುವೂ ಇಳಿಯುವುದೇ. ಅಡುಗೆಗೂ ಕಷ್ಟವೇ. ಸರ್ಚುವಿನ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ತೊಗರಿಬೇಳೆ ಬೇಯುವುದಿಲ್ಲ. ಕುಕ್ಕರ್ ಬೇಕು, ಇಲ್ಲವಾದರೆ ಅವಲಕ್ಕಿಯೇ ಗತಿ. ಹುಣಸೆರಸ, ಬೆಲ್ಲ, ಸಾರಿನಪುಡಿ ಕಲಸಿದ ಗೊಜ್ಜವಲಕ್ಕಿಗೆ ಒಲೆಯ ಹಂಗಿಲ್ಲ. ನಮ್ಮ ಏಳು ಮಂದಿಯ ಹೊಟ್ಟೆಯನ್ನು ಅನೇಕ ದಿನ ಕಾಪಾಡಿದ್ದು ಅದೇ.

ದೇಹ ಕಡಿಮೆ ಗಾಳಿಗೆ ಒಗ್ಗಿಕೊಳ್ಳುತ್ತದೆ, ಆದರೆ ಅದಕ್ಕೆ ಸಮಯ ಬೇಕು. ವೈದ್ಯರು ಹೇಳುವ ಲೆಕ್ಕ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ನಿಲ್ಲಬೇಕು. ಗಮನಿಸಿ, ಇದು ಮಲಗುವ ಎತ್ತರದ ಮಾತು. ಹಗಲು ಎತ್ತರದ ಕಣಿವೆ ದಾಟಿ ಸಂಜೆ ಕೆಳಗಿಳಿದು ಮಲಗಿದರೆ ದೇಹ ತಾಳಿಕೊಳ್ಳುತ್ತದೆ. ರಾತ್ರಿ ಎಲ್ಲಿ ಡೇರೆ ಹಾಕಿದಿರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ಲೆಕ್ಕ ಹಿಡಿದು ಎರಡು ದಾರಿಗಳನ್ನೂ ನೋಡಿ. ಶ್ರೀನಗರದ ಕಡೆಯಿಂದ ಹೋದರೆ ಜೋಜಿ ಲಾ 3,528 ಮೀಟರ್ ಇದ್ದರೂ ರಾತ್ರಿ ಮಲಗುವ ಕಾರ್ಗಿಲ್ 2,676 ಮೀಟರ್. ಫೋತು ಲಾ 4,108 ಇದ್ದರೂ ಲೇಹ್ ಸುಮಾರು 3,500. ಮೆಟ್ಟಿಲು ಮೆಟ್ಟಿಲಾಗಿ ಏರುವ ದಾರಿ. ಮನಾಲಿಯ ಕಡೆಯಿಂದ ಹೋದರೆ ಒಂದು ರಾತ್ರಿ ಸುಮಾರು 3,200 ಮೀಟರಿನ ಜಿಸ್ಪಾದಲ್ಲಿ, ಮರುರಾತ್ರಿ ಸುಮಾರು 4,290 ಮೀಟರಿನ ಸರ್ಚುವಿನಲ್ಲಿ. ಒಂದೇ ಹಾರಿಗೆ ಸಾವಿರ ಮೀಟರ್ ಮೇಲೆ. ಸುರಂಗ ಬಂದ ಮೇಲೆ ಪಯಣ ಇನ್ನೂ ಚುರುಕಾಗಿದೆ. ಆದರೆ ದೇಹ ಒಗ್ಗುವ ವೇಗ ಹಿಂದಿನದೇ.

ಸರ್ಚುವಿಗೆ ಇನ್ನೊಂದು ತೊಡಕಿದೆ. ಅದು ಬಟ್ಟಲಿನ ತಳದಂಥ ಜಾಗ. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು. ಸರ್ಚುವಿನಿಂದ ಇಳಿಯಬೇಕೆಂದರೆ ಮೊದಲು ಏರಬೇಕು. ಹಿಂದಕ್ಕೆ ಹೋದರೆ ಸುಮಾರು 4,890 ಮೀಟರಿನ ಬಾರಾಲಾಚಾ. ಮುಂದಕ್ಕೆ ಹೋದರೆ ಆಗುಂಬೆ ಘಾಟಿಯ 14 ತಿರುವುಗಳನ್ನೂ ಮೀರಿಸುವ ಗಾಟಾ ಲೂಪಿನ 21 ಹೇರ್‌ಪಿನ್ ತಿರುವು, ಆಮೇಲೆ ನಕೀ ಲಾ, ಲಾಚುಂಗ್ ಲಾ. ಆದ್ದರಿಂದಲೇ ನಮ್ಮ ಹಿರಿಯರು ಮೊದಲ ದಿನವೇ, "ಶ್ರೀನಗರದಿಂದ ಹತ್ತೋಣ, ಮನಾಲಿಗೆ ಇಳಿಯೋಣ" ಎಂದು ತೀರ್ಮಾನಿಸಿದ್ದು. ರಜೆ ಎರಡು ದಿನ ಹೆಚ್ಚು ಖರ್ಚಾಯಿತು.

ಅವರದೇ ಇನ್ನೊಂದು ನಿಯಮವಿತ್ತು, ಸಂಜೆಯ ಹಾಜರಿ. ಡೇರೆ ಹಾಕಿ ಚಹಾ ಕುಡಿದಾದ ಮೇಲೆ ಎಲ್ಲರೂ ಸುತ್ತ ಕೂತು ಒಬ್ಬೊಬ್ಬರಾಗಿ ಹೇಳಬೇಕು: ತಲೆನೋವು ಇದೆಯೇ, ಊಟ ಸೇರಿತೇ, ನಿನ್ನೆ ನಿದ್ದೆ ಬಂತೇ. ಹಾಜರಿ ಶುರುವಾಗುವುದು ಗುಂಪಿನ ನಾಯಕನಿಂದ. ದೊಡ್ಡವರೇ "ನನಗೆ ತಲೆ ಸಿಡಿಯುತ್ತಿದೆ" ಎಂದರೆ ಚಿಕ್ಕವರು ನಾಚಿಕೆಪಡುವ ಪ್ರಶ್ನೆಯೇ ಬರುವುದಿಲ್ಲ ಎಂಬುದು ಅವರ ಲೆಕ್ಕ.

ಅದು ಫಲ ಕೊಟ್ಟದ್ದು ಲೇಹ್‌ನಲ್ಲಿ. ಎರಡನೆಯ ರಾತ್ರಿ ಹಿರಿಯರೇ ಮೊದಲು ಹೇಳಿದರು: "ನನಗೆ ಬೆಳಿಗ್ಗೆಯಿಂದ ತಲೆನೋವು ಕಣಪ್ಪ, ಅನ್ನ ಸೇರಲಿಲ್ಲ." ಅವರಾದ ಮೇಲೆ ಹೈದರಾಬಾದಿನ ಹುಡುಗ ಮೆಲ್ಲಗೆ, "ಸಾರ್, ನನಗೂ" ಎಂದ. ಅಲ್ಲಿಯವರೆಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ. ಮರುದಿನ ಖರ್ದುಂಗ್ ಲಾಗೆ ಹೋಗುವುದೆಂದು ನಿಶ್ಚಯವಾಗಿತ್ತು. ಫೋಟೋ ತೆಗೆಸಿಕೊಳ್ಳಲೆಂದು ಇಬ್ಬರು ಕನ್ನಡ ಬಾವುಟ ಬೇರೆ ತಂದಿದ್ದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅಕ್ಕ, "ಕಣಿವೆ ಅಲ್ಲೇ ಇರ್ತದೆ, ಇನ್ನೊಂದು ಸಲ ಬರೋಣ" ಎಂದರು. ಖರ್ದುಂಗ್ ಲಾ ಬಿಟ್ಟು ಲೇಹ್‌ನಲ್ಲೇ ಮೂರನೆಯ ರಾತ್ರಿ ಉಳಿದೆವು. ನೀರು, ಗಂಜಿ, ನಿದ್ದೆ. ಮರುಸಂಜೆಯ ಹಾಜರಿಯಲ್ಲಿ ಏಳು ಮಂದಿಯೂ ಚೆನ್ನಾಗಿದ್ದರು.

ಅಲ್ಲಿಂದ 4,000 ಮೀಟರ್ ಮೀರಿದ ರುಮ್‌ತ್ಸೆ ಹಳ್ಳಿಯ ಬಳಿ ಒಂದು ರಾತ್ರಿ. ಮರುದಿನ ಬೆಳಕು ಹರಿಯುತ್ತಲೇ ತಂಗ್ಲಾಂಗ್ ಲಾ. ಸಾಲಿನಲ್ಲಿ ಅನುಭವಿ ಸವಾರರು ಇಬ್ಬರು, ಒಬ್ಬರು ಎಲ್ಲರಿಗಿಂತ ಮುಂದೆ, ಇನ್ನೊಬ್ಬರು ಎಲ್ಲರಿಗಿಂತ ಹಿಂದೆ. ನಿಧಾನದವರು ಎರಡನೆಯ ಜಾಗದಲ್ಲಿ. ಪ್ರತಿಯೊಬ್ಬರೂ ತಮ್ಮ ಕನ್ನಡಿಯಲ್ಲಿ ಹಿಂದಿನವರನ್ನು ನೋಡುತ್ತಿರಬೇಕು. ಕಾಣದಿದ್ದರೆ ನಿಲ್ಲಬೇಕು. ಹೀಗೆ ಒಬ್ಬರು ನಿಂತರೆ ಇಡೀ ಸಾಲು ತಾನಾಗಿ ನಿಲ್ಲುತ್ತದೆ.

ರಸ್ತೆಗೆ ಅಡ್ಡ ಹರಿಯುವ ಹಳ್ಳಗಳ ವಿಷಯ ಒಂದು ಮಾತು. ಇವು ಹಿಮ ಕರಗಿದ ನೀರು. ಬೆಳಿಗ್ಗೆ ಪಾದ ಮುಳುಗುವಷ್ಟು ಇದ್ದದ್ದು ಬಿಸಿಲೇರಿದ ಮೇಲೆ ಮೊಣಕಾಲಿಗೆ ಬರುತ್ತದೆ. ಅದಕ್ಕೇ ಹಳ್ಳವಿರುವ ದಿನ ಬೇಗ ಹೊರಡಬೇಕು. ಮೊದಲು ಒಬ್ಬರು ನಡೆದು ನೋಡಿ, ಆಮೇಲೆ ಒಂದೊಂದೇ ಬೈಕು. ಇನ್ನು ಪೆಟ್ರೋಲ್. ಚಂದ್ರಾ, ಭಾಗಾ ನದಿಗಳು ಕೂಡುವ ತಾಂಡಿಯ ಬಂಕಿನ ಹತ್ತಿರ ಮುಂದಿನ ಬಂಕು 365 ಕಿ.ಮೀ. ದೂರ ಎಂದು ಬರೆದಿದ್ದ ಫಲಕ ಸವಾರರಲ್ಲಿ ಬಹಳ ಪ್ರಸಿದ್ಧ. ಮನಾಲಿಯಿಂದ ಹತ್ತುವವರು ಅಲ್ಲಿ ಟ್ಯಾಂಕು ತುಂಬಿಸಿ, ಕ್ಯಾನಿನಲ್ಲೂ ಹಿಡಿದುಕೊಳ್ಳುವುದೇ ಕ್ಷೇಮ.

ತಂಗ್ಲಾಂಗ್ ಲಾ ಇಳಿದರೆ ಮೋರೆ ಬಯಲು. ಸುಮಾರು 40 ಕಿ.ಮೀ. ಚಪ್ಪಟೆ ನೆಲ. ಮಣ್ಣಿನ ಬೈಕು ಕೈಯಲ್ಲಿರುವವರಿಗೆ ರಸ್ತೆ ಬಿಟ್ಟು ಬಯಲಿಗೆ ನುಗ್ಗುವ ಆಸೆ ಆಗಿಯೇ ಆಗುತ್ತದೆ. ದಯವಿಟ್ಟು ಬೇಡಿ. ಆ ಬರಡು ನೆಲದ ಮೇಲಿನ ತೆಳು ಹುಲ್ಲೇ ಚಾಂಗ್‌ಪಾ ಪಶುಪಾಲಕರ ಆಡುಗಳ ಮೇವು. ಪಶ್ಮೀನಾ ಶಾಲಿನ ಉಣ್ಣೆ ಬರುವುದು ಆ ಆಡುಗಳಿಂದಲೇ. ಚಕ್ರ ಸೀಳಿದ ಹುಲ್ಲು ಆ ಚಳಿಯಲ್ಲಿ ಮತ್ತೆ ಚಿಗುರಲು ವರ್ಷಗಳೇ ಬೇಕು.

ದಾರಿಯುದ್ದಕ್ಕೂ ನಮಗೆ ಸಿಕ್ಕವರು ಗಡಿ ರಸ್ತೆ ಸಂಸ್ಥೆಯ ಕೂಲಿಗಳು. ಅನೇಕರು ಜಾರ್ಖಂಡಿನವರು. ನಾವು ಹತ್ತು ನಿಮಿಷ ನಿಂತು ಫೋಟೋ ತೆಗೆದು ಇಳಿಯುವ ಎತ್ತರದಲ್ಲಿ ಅವರು ತಿಂಗಳುಗಟ್ಟಲೆ ಕಲ್ಲು ಹೊರುತ್ತಾರೆ, ಟಾರು ಸುರಿಯುತ್ತಾರೆ, ರಸ್ತೆಬದಿಯ ಡೇರೆಯಲ್ಲೇ ಮಲಗುತ್ತಾರೆ. ಲಾಚುಂಗ್ ಲಾದ ಕೆಳಗೆ ಒಬ್ಬಾತನಿಗೆ ಗೊಜ್ಜವಲಕ್ಕಿ ಕೊಟ್ಟೆವು. "ಚೂಡಾ!" ಎಂದು ಗುರುತಿಸಿ ನಕ್ಕ. ಅವರೂರಿನಲ್ಲೂ ಅವಲಕ್ಕಿ ಇದೆ.

ಅಂದು ಸಂಜೆ ಗಾಟಾ ಲೂಪ್ ಇಳಿದು ಸರ್ಚುವಿಗೆ ಬಂದೆವು. ನಮಗೆ ಅದು ರುಮ್‌ತ್ಸೆಯಷ್ಟೇ ಎತ್ತರದ ಇನ್ನೊಂದು ರಾತ್ರಿ. ಪಕ್ಕದ ಡೇರೆಯಲ್ಲಿದ್ದವರು ಮನಾಲಿಯ ಕಡೆಯಿಂದ ಹತ್ತಿ ಬಂದ ಐದು ಹುಡುಗರು. ರಾತ್ರಿ ಒಂಬತ್ತರ ಸುಮಾರಿಗೆ ಅವರಲ್ಲೊಬ್ಬ ನಮ್ಮ ಹತ್ತಿರ ತಲೆನೋವಿನ ಮಾತ್ರೆ ಕೇಳಿಕೊಂಡು ಬಂದ, ಗೆಳೆಯನಿಗೆ ಬೇಕಂತೆ. ಅಕ್ಕ ಮಾತ್ರೆ ಕೊಟ್ಟು ಕಳಿಸದೆ ತಾವೇ ಎದ್ದು ಹೋದರು.

ಆ ಹುಡುಗ ಎರಡು ಸಲ ವಾಂತಿ ಮಾಡಿಕೊಂಡಿದ್ದ. ಇವತ್ತು ಯಾವ ವಾರ ಎಂದರೆ ಯೋಚಿಸುತ್ತಿದ್ದ. ಅಕ್ಕ ಅವನನ್ನು ಹೊರಗೆ ಕರೆತಂದು, ಟಾರ್ಚಿನ ಬೆಳಕಿನಲ್ಲಿ ಒಂದು ಹೆಜ್ಜೆಯ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನೇರವಾಗಿ ನಡೆಯಲು ಹೇಳಿದರು. ನಾಲ್ಕನೇ ಹೆಜ್ಜೆಗೆ ವಾಲಿ ಬಿದ್ದ. ಕುಡಿದವನಂತೆ ಕಂಡಿತು, ಆದರೆ ಒಂದು ತೊಟ್ಟೂ ಮುಟ್ಟಿರಲಿಲ್ಲ. ಎತ್ತರದ ಕಾಯಿಲೆ ಮಿದುಳಿಗೆ ಏರಿ ಬಾವು ಬಂದಿದೆ ಎನ್ನುವುದಕ್ಕೆ ಇದೇ ಗುರುತು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ತಿಳಿಯಬೇಕು. ಎರಡರಲ್ಲಿ ಯಾವುದಾದರೂ ಒಂದು ರಾತ್ರಿಯಲ್ಲಿ ಪ್ರಾಣ ಹೋಗಬಹುದು.

ಗೆಳೆಯರು, "ದೀದಿ, ಬೆಳಿಗ್ಗೆ ನೋಡೋಣ, ಈ ಕತ್ತಲಲ್ಲಿ ಎಲ್ಲಿಗೆ ಹೋಗೋದು" ಎಂದರು. ಅಕ್ಕ ಒಂದೇ ಮಾತು ಹೇಳಿದರು: "ಬೆಳಿಗ್ಗೆ ಇವನು ಏಳದಿದ್ದರೆ?" ಡೇರೆಯ ಯಜಮಾನ ತಡಮಾಡದೆ ತನ್ನ ಗಾಡಿ ತೆಗೆದ, ಆಮ್ಲಜನಕದ ಸಿಲಿಂಡರನ್ನೂ ಇಟ್ಟ. ಅಕ್ಕ, ನಮ್ಮ ಹಿರಿಯರು, ಆ ಹುಡುಗನ ಒಬ್ಬ ಗೆಳೆಯ ಜೊತೆಗೆ ಹೋದರು. ಕೆಳಗೆ ಕೇಲಾಂಗಿನ ಆಸ್ಪತ್ರೆ ಸೇರಲು ಮೊದಲು ಬಾರಾಲಾಚಾ ಹತ್ತಲೇಬೇಕು. ಅರ್ಧ ರಾತ್ರಿ, ಮೂಗಿಗೆ ಆಮ್ಲಜನಕದ ನಳಿಗೆ. ಅವರ ಗಾಡಿಯ ಹಿಂದಿನ ಕೆಂಪು ದೀಪ ಕಾಣುವಷ್ಟು ಹೊತ್ತೂ ನಾವು ಹೊರಗೇ ನಿಂತಿದ್ದೆವು.

ಮರುದಿನ ಸಂಜೆ ನಾವು ಕೇಲಾಂಗ್ ಸೇರಿದಾಗ ಹುಡುಗ ಹಾಸಿಗೆಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದ. ಅಕ್ಕ ಅವನನ್ನು ಕೇಳಿದರು, ತಲೆನೋವು ಯಾವಾಗ ಶುರುವಾಗಿತ್ತು ಅಂತ. ಹಿಂದಿನ ದಿನ ಮಧ್ಯಾಹ್ನವೇ, ಬಾರಾಲಾಚಾ ಹತ್ತುವ ಮೊದಲೇ. ಯಾಕೆ ಹೇಳಲಿಲ್ಲ? "ಎಲ್ಲರ ಟ್ರಿಪ್ಪೂ ನನ್ನಿಂದ ಹಾಳಾಗ್ತದಲ್ಲ, ದೀದಿ."

ಕೇಳುಗರೇ, ನಾನು ಇಂದು ಹೇಳಬೇಕೆಂದಿದ್ದ ಮಾತು ಇದೇ. ಬಾರಾಲಾಚಾ ಹತ್ತುವ ಮೊದಲೇ ಅವನು ಬಾಯಿ ಬಿಟ್ಟಿದ್ದರೆ ಜಿಸ್ಪಾಕ್ಕೆ ಹಿಂತಿರುಗಿ ಒಂದು ದಿನ ಮಲಗಿದ್ದರೆ ಸಾಕಿತ್ತು. ಒಳ್ಳೆಯ ಹುಡುಗ, ಗೆಳೆಯರ ಮೇಲಿನ ಅಕ್ಕರೆಯಿಂದಲೇ ಸುಮ್ಮನಿದ್ದ. ಅವನ ಗೆಳೆಯರೂ ಕೆಟ್ಟವರಲ್ಲ, ಕೇಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಗುಂಪಿನಲ್ಲಿ ಹೋಗುವುದು ಧೈರ್ಯಕ್ಕೆ ಎನ್ನುತ್ತೇವೆ. ಆದರೆ ಗುಂಪಿನಲ್ಲೇ ಮನುಷ್ಯ ತನ್ನ ನೋವನ್ನು ಬಚ್ಚಿಡುವುದೂ ಹೆಚ್ಚು. ಬಾಯಿ ಬಿಡುವಂತೆ ಮಾಡುವ ಹೊಣೆ ಗುಂಪಿನದು, ಅದರಲ್ಲೂ ಹಿರಿಯರದು.

ಹೊರಡುವವರು ಒಂದಿಷ್ಟು ನೆನಪಿಡಿ. ಹೃದಯ, ಶ್ವಾಸಕೋಶದ ತೊಂದರೆಯಿದ್ದರೆ ಮೊದಲು ವೈದ್ಯರನ್ನು ಕಾಣಿ. ಎತ್ತರಕ್ಕೆ ಒಗ್ಗುವ ಮಾತ್ರೆಯನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಿ. ಮೇಲೆ ಮದ್ಯ, ನಿದ್ದೆಮಾತ್ರೆ ಬೇಡ. ಮನಾಲಿಯಿಂದಲೇ ಹತ್ತುವುದಾದರೆ ಜಿಸ್ಪಾದಲ್ಲಿ ಕಡಿಮೆಯೆಂದರೂ ಎರಡು ರಾತ್ರಿ ನಿಲ್ಲಿ. ತಲೆನೋವು ಇರುವಾಗ ಮೇಲೆ ಹೋಗಬೇಡಿ, ಹೆಚ್ಚಾದರೆ ಕೆಳಗಿಳಿಯಿರಿ. ಲೆಕ್ಕ ಹಾಕುವಾಗಲೇ ಎರಡು ದಿನ ಖಾಲಿ ಬಿಡಿ.

ಕಳಿಸುವ ಅಪ್ಪ ಅಮ್ಮಂದಿರೇ, ದಾರಿಯಲ್ಲಿ ಅನೇಕ ಕಡೆ ಸಿಗ್ನಲ್ ಸಿಗುವುದಿಲ್ಲ. ಒಂದೆರಡು ದಿನ ಫೋನ್ ಬರಲಿಲ್ಲವೆಂದು ಗಾಬರಿಯಾಗಬೇಡಿ. ಬಂದಾಗ "ಎಷ್ಟು ದೂರ ಹೋದೆ" ಎನ್ನುವ ಮೊದಲು "ತಲೆನೋವು ಇದೆಯಾ, ಊಟ ಸೇರಿತಾ" ಎಂದು ಕೇಳಿ. ನಡುದಾರಿಯಿಂದ ವಾಪಸು ಬಂದರೆ, ಕಣಿವೆ ದಾಟಿ ಬಂದವರಿಗೆ ಮಾಡುವಷ್ಟೇ ಹೋಳಿಗೆ ಮಾಡಿ.

ಎಲ್ಲರಿಗೂ ಶುಭಪ್ರಯಾಣ.