ನಿಮ್ಮ ಊರೇ ನಿಮ್ಮ ಅಧ್ಯಯನದ ವಿಷಯವಾಗಲಿ

(ನವಲಗುಂದದಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಈ ಸಭೆಗೆ ಬರುವ ಮುನ್ನ ನಾವು ನಿಮ್ಮಲ್ಲಿ ಕೆಲವರ ಪ್ರಾಜೆಕ್ಟ್ ವರದಿಗಳನ್ನು ತಿರುವಿ ನೋಡಿದೆವು. ಜಾಗತಿಕ ತಾಪಮಾನ ಏರಿಕೆ, ಮಹಿಳಾ ಸಬಲೀಕರಣ, ಜಿಎಸ್‌ಟಿಯ ಪರಿಣಾಮಗಳು, ಫ್ರೆಂಚ್ ಕ್ರಾಂತಿಯ ಕಾರಣಗಳು... ಇವೇ ಶೀರ್ಷಿಕೆಗಳು. ವಿಷಯಗಳು ಕೆಟ್ಟವೇನಲ್ಲ. ಆದರೆ ಕಲಘಟಗಿಯ ವಿದ್ಯಾರ್ಥಿ ಬರೆದುದಕ್ಕೂ ಕಲಬುರಗಿಯ ವಿದ್ಯಾರ್ಥಿ ಬರೆದುದಕ್ಕೂ ಹೆಸರಿನ ಹೊರತು ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಅವುಗಳಲ್ಲಿ ಒಂದು ವರದಿ ಭಾರತದ ಕೈಮಗ್ಗ ಉದ್ಯಮದ ಕುರಿತಾಗಿತ್ತು. ಬರೆದವಳು ಇದೇ ನವಲಗುಂದದವಳು. ಮೂವತ್ತು ಪುಟಗಳಲ್ಲಿ ಬನಾರಸ್ ಇತ್ತು, ಕಾಂಚಿಪುರ ಇತ್ತು. ನವಲಗುಂದದ ಜಮಖಾನೆ ಇರಲಿಲ್ಲ. ವಿಚಾರಿಸಿದಾಗ ತಿಳಿಯಿತು, ಅವಳ ಅಜ್ಜಿಯೇ ಜಮಖಾನೆ ನೇಯ್ದು ಮಕ್ಕಳನ್ನು ಸಾಕಿದವರು! "ಅದನ್ನೂ ಬರೆಯಬಹುದೇ ಸರ್?" ಎಂದು ಅವಳು ಕೇಳಿದಳು. ಇಂದಿನ ನಮ್ಮ ಮಾತು ಆ ಪ್ರಶ್ನೆಗೆ ಉತ್ತರ.

ಬರೆಯಬಹುದು ಮಾತ್ರವಲ್ಲ, ಬರೆಯಲೇಬೇಕು. ನವಲಗುಂದದ ಜಮಖಾನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದನ್ನು ನೇಯುತ್ತಾ ಬಂದವರು ಮುಸ್ಲಿಮ್ ಮಹಿಳೆಯರು. ನವಿಲು, ಪಗಡೆಯ ಹಾಸು ಮುಂತಾದ ವಿನ್ಯಾಸಗಳನ್ನು ಅವರು ಶಾಲೆಯಲ್ಲಿ ಕಲಿತವರಲ್ಲ, ಮನೆಯ ಮಗ್ಗದ ಮುಂದೆ ಕುಳಿತು ಕಲಿತವರು. ಇಂದು ಆ ಮಗ್ಗಗಳ ಸಂಖ್ಯೆ ಬೆರಳೆಣಿಕೆಗೆ ಇಳಿದಿದೆ. ಏಕೆ? ಒಂದು ಜಮಖಾನೆಗೆ ಎಷ್ಟು ನೂಲು ಬೇಕು, ಎಷ್ಟು ದಿನ ಬೇಕು, ನೇಯ್ದವಳ ಕೈಗೆ ಬರುವುದೆಷ್ಟು, ಅಂಗಡಿಯಲ್ಲಿ ಅದರ ಬೆಲೆ ಎಷ್ಟು? ಇದು ವಾಣಿಜ್ಯ ವಿದ್ಯಾರ್ಥಿಯ ವಿಷಯ. ಈ ಮಾನ್ಯತೆಯ ಹೆಸರಿನಲ್ಲಿ ಮಾರಬೇಕಾದರೆ ಉತ್ಪಾದಕರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕೆಂದು ಕಾನೂನು ಹೇಳುತ್ತದೆ. ನಮ್ಮ ಓಣಿಯ ಎಷ್ಟು ಹೆಣ್ಣುಮಕ್ಕಳಿಗೆ ಈ ಮಾತು ತಿಳಿದಿದೆ? ಕಸುಬನ್ನು ಮಗಳಿಗೆ ಕಲಿಸುತ್ತಿದ್ದರೇ, ಸೊಸೆಗೆ ಕಲಿಸುತ್ತಿದ್ದರೇ? ಇದು ಸಮಾಜಶಾಸ್ತ್ರದ ವಿಷಯ. ಸಬಲೀಕರಣದ ಬಗ್ಗೆ ನಕಲು ಮಾಡಿದ ಮೂವತ್ತು ಪುಟಗಳಿಗಿಂತ ಹತ್ತು ಮನೆಗಳಲ್ಲಿ ಕೇಳಿ ಬರೆದ ಮೂರು ಪುಟ ಹೆಚ್ಚು ತೂಗುತ್ತದೆ.

ಇನ್ನು ಇತಿಹಾಸಕ್ಕೆ ಬರೋಣ. ಬಾಸ್ಟೀಲ್ ಸೆರೆಮನೆಗೆ ಜನರು ಮುತ್ತಿಗೆ ಹಾಕಿದ್ದು 1789ರ ಜುಲೈ 14ರಂದು ಎಂದು ನೀವು ತಪ್ಪಿಲ್ಲದೆ ಬರೆಯುತ್ತೀರಿ. 1980ರ ಜುಲೈ 21ರಂದು ಇದೇ ಊರಿನಲ್ಲಿ ಏನಾಯಿತು? ಮಲಪ್ರಭಾ ಯೋಜನೆಯ ಅಚ್ಚುಕಟ್ಟು ಪ್ರದೇಶದ ರೈತರ ಮೇಲೆ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರ ವಿಧಿಸಲಾಗಿತ್ತು. ನೀರು ತಲುಪದ ಹೊಲಗಳಿಗೂ ಕರವೇ ಎಂಬುದು ರೈತರ ಪ್ರಶ್ನೆಯಾಗಿತ್ತು. ಆ ದಿನ ಗೋಲಿಬಾರ್ ನಡೆಯಿತು. ನವಲಗುಂದ ಮತ್ತು ನರಗುಂದಗಳಲ್ಲಿ ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ರಾಜ್ಯದ ರೈತ ಚಳವಳಿಗೆ ಅದು ಹೊಸ ತಿರುವು ನೀಡಿತು. 1983ರ ಚುನಾವಣೆಯಲ್ಲಿ ಆಡಳಿತ ಪಕ್ಷ ಅಧಿಕಾರ ಕಳೆದುಕೊಂಡುದಕ್ಕೆ ಈ ಬಂಡಾಯವೂ ಒಂದು ಕಾರಣವೆಂದು ಹೇಳುವವರಿದ್ದಾರೆ. ಅಂದು ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಅರವತ್ತೈದನ್ನು ದಾಟಿದ್ದಾರೆ. ಅವರ ನೆನಪನ್ನು ದಾಖಲಿಸಲು ಇನ್ನೆಷ್ಟು ವರ್ಷ ಉಳಿದಿದೆ? ರೈತನ ಮನೆಗೂ ಹೋಗಬೇಕು, ಸತ್ತ ಪೊಲೀಸನ ಮನೆಗೂ ಹೋಗಬೇಕು. ಆಗ ಮಾತ್ರ ಅದು ಇತಿಹಾಸವಾಗುತ್ತದೆ, ಇಲ್ಲವಾದರೆ ಬರಿಯ ಘೋಷಣೆ. ಆ ನೀರಿನ ಪ್ರಶ್ನೆಯೂ ಅಲ್ಲಿಗೇ ಮುಗಿದಿಲ್ಲ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರನ್ನು ಹಂಚಿತು. ಹಂಚಿಕೆಯಾದ ನೀರಿಗೂ ಹೊಲಕ್ಕೆ ಬಂದ ನೀರಿಗೂ ನಡುವಿನ ದಾರಿಯನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಯಲ್ಲದೆ ಇನ್ನಾರು ಅಳೆಯಬೇಕು?

ವಿಜ್ಞಾನದವರು ನಮಗೇನೂ ಇಲ್ಲವೆಂದು ಭಾವಿಸಬಾರದು. 2010ರಲ್ಲಿ ಅಣ್ಣಿಗೇರಿಯ ಚರಂಡಿಯೊಂದರಲ್ಲಿ ನೂರಾರು ಮಾನವ ತಲೆಬುರುಡೆಗಳು ಪತ್ತೆಯಾದವು. ಯುದ್ಧವೆಂದು ಕೆಲವರು, ಬರಗಾಲವೆಂದು ಕೆಲವರು ಪರೀಕ್ಷೆಗೆ ಮುನ್ನವೇ ತೀರ್ಪು ಕೊಡತೊಡಗಿದರು. ಎಲುಬಿನಲ್ಲಿ ಉಳಿದಿರುವ ಇಂಗಾಲ-14 ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧದಷ್ಟಾಗುತ್ತದೆ. ಆ ಲೆಕ್ಕದಿಂದ ಕಾಲವನ್ನು ಅಂದಾಜಿಸುತ್ತಾರೆ. ಈ ಪಾಠ ನಿಮ್ಮ ಪುಸ್ತಕದಲ್ಲಿದೆ, ಅದರ ಉದಾಹರಣೆ ನಿಮ್ಮ ಜಿಲ್ಲೆಯಲ್ಲಿದೆ. ಪರೀಕ್ಷೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಜನರಿಗೆ ತಿಳಿಸಿದರೆ ಒಂದು ವದಂತಿಯಾದರೂ ಕಡಿಮೆಯಾದೀತು. ವದಂತಿಯ ಬೆಂಕಿ ಮೊದಲು ಯಾರ ಮನೆಗೆ ತಗಲುತ್ತದೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಸ್ಯಶಾಸ್ತ್ರದವರಿಗೆ ಹತ್ತಿಯಿದೆ. ಇದೇ ಧಾರವಾಡದ ಕೃಷಿ ಸಂಶೋಧನೆಯಿಂದ 1972ರಲ್ಲಿ ಡಾ. ಬಿ.ಎಚ್. ಕತರಕಿಯವರ 'ವರಲಕ್ಷ್ಮಿ' ಎಂಬ ಸಂಕರಣ ತಳಿ ಹೊರಬಂತು. 2002ರ ಬಳಿಕ ಬಿಟಿ ಹತ್ತಿ ಬಂತು. ಎರೆಭೂಮಿಗೆ ಹೊಂದಿಕೊಂಡಿದ್ದ 'ಜಯಧರ'ದಂತಹ ನಾಟಿ ಹತ್ತಿ ಈಗ ಯಾರ ಹೊಲದಲ್ಲಿ ಉಳಿದಿದೆ? ಭೂಗೋಳದವರಿಗೆ ಒಂದೇ ಜಿಲ್ಲೆಯೊಳಗೆ ಎರಡು ಲೋಕಗಳಿವೆ: ಮಲೆನಾಡಿನ ಸೆರಗಿನಲ್ಲಿ ಭತ್ತ ಬೆಳೆಯುವ ಕಲಘಟಗಿ ಒಂದು, ಮಳೆಗೆ ಮುಖವೆತ್ತಿ ನಿಲ್ಲುವ, ಆದರೂ ಬೆಣ್ಣೆಹಳ್ಳ ಉಕ್ಕಿದರೆ ಬೆಳೆ ಕಳೆದುಕೊಳ್ಳುವ ನವಲಗುಂದ ಇನ್ನೊಂದು. ಕಲಘಟಗಿಯ ಬಣ್ಣದ ತೊಟ್ಟಿಲನ್ನು ತಯಾರಿಸುವ ಕುಟುಂಬಗಳ ಆಯವ್ಯಯವನ್ನು ಅರ್ಥಶಾಸ್ತ್ರದವರು ಕೇಳಲಿ.

ಕುಂದಗೋಳದ ವಿದ್ಯಾರ್ಥಿಗಳಿಗೆ ಸವಾಯಿ ಗಂಧರ್ವರಿದ್ದಾರೆ. ಉತ್ತರ ಭಾರತದ ಕೈರಾನಾದಿಂದ ಬಂದ ಉಸ್ತಾದ್ ಅಬ್ದುಲ್ ಕರೀಮ್ ಖಾನರಿಂದ ಅವರು ಕಲಿತರು. ಅವರಿಂದ ಗಂಗೂಬಾಯಿ ಹಾನಗಲ್ ಹಾಗೂ ಭೀಮಸೇನ ಜೋಶಿ ಕಲಿತರು. ಗಂಗೂಬಾಯಿಯವರು ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬರುತ್ತಿದ್ದರು. ವಿದ್ಯೆ ಜಾತಿ, ಧರ್ಮದ ಗೋಡೆಗಳನ್ನು ದಾಟಿ ಕೈಯಿಂದ ಕೈಗೆ ಹೋದ ಬಗೆಯನ್ನು ಸಾಮರಸ್ಯದ ಭಾಷಣಗಳಿಗಿಂತ ಆ ರೈಲಿನ ದಾರಿ ಚೆನ್ನಾಗಿ ಹೇಳುತ್ತದೆ.

ನಿಮ್ಮ ಕಷ್ಟಗಳನ್ನು ನಾವು ಅರಿಯೆವು ಎಂದಲ್ಲ. ಬಸ್ಸಿನಲ್ಲೇ ದಿನದ ಮೂರು ಗಂಟೆ ಕಳೆಯುತ್ತದೆ. ಹೆಣ್ಣುಮಕ್ಕಳನ್ನು ಮಾಹಿತಿ ಸಂಗ್ರಹಕ್ಕೆಂದು ಊರೂರು ಕಳುಹಿಸಲು ಮನೆಯವರು ಒಪ್ಪುವುದಿಲ್ಲ. ಅಧ್ಯಾಪಕರ ಕೈಯಲ್ಲಿ ಅರವತ್ತು ವರದಿಗಳಿರುತ್ತವೆ. ದಪ್ಪವಿದ್ದುದಕ್ಕೆ ಅಂಕ ಬೀಳುತ್ತದೆ. ಆದರೆ ಜಮಖಾನೆಯ ಮಗ್ಗವಿರುವುದು ಪಕ್ಕದ ಮನೆಯಲ್ಲಿ. ಅಲ್ಲಿಗೆ ಹೋಗಲು ಅಜ್ಜಿಯ ಜೊತೆ ಸಾಕು. ನಾಲ್ವರು ಸೇರಿ ಒಂದು ವಿಷಯವನ್ನು ಹಂಚಿಕೊಳ್ಳಿ. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಧಾರವಾಡ ಗೆಜೆಟಿಯರ್‌ನಲ್ಲಿ ನಿಮ್ಮ ಊರಿನ ಬಗ್ಗೆ ಏನಿದೆಯೆಂದು ನೋಡಿ, ಈಗಿನದರೊಂದಿಗೆ ಹೋಲಿಸಿ. ಕೇಳಿದ್ದನ್ನು ದಿನಾಂಕದೊಂದಿಗೆ ಬರೆದಿಡಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ಪರೀಕ್ಷಿಸಿ. ಅಧ್ಯಾಪಕರಲ್ಲಿ ನಮ್ಮದೊಂದು ಸವಿನಯ ವಿನಂತಿ: ಪುಟಗಳನ್ನು ಎಣಿಸದೆ ಪ್ರಶ್ನೆಗಳನ್ನು ಎಣಿಸಿ ಅಂಕ ಕೊಡಿ.

ಇಂದು ಯಾವ ಶೀರ್ಷಿಕೆ ಕೊಟ್ಟರೂ ಮೊಬೈಲ್ ಫೋನಿನ ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ವರದಿ ಬರೆದುಕೊಡುತ್ತದೆ. ಹಾಗಾದರೆ ನಿಮ್ಮ ಪದವಿಯ ಬೆಲೆ ಏನು? ಜುಲೈ 21ರಂದು ಓಡಿ ಬಂದ ರೈತನ ಉಸಿರನ್ನು, ನೂಲಿನ ಸಾಲಕ್ಕೆ ಕಿವಿಯೋಲೆ ಒತ್ತೆಯಿಟ್ಟವಳ ಲೆಕ್ಕವನ್ನು ಯಾವ ಯಂತ್ರವೂ ತಾನಾಗಿ ಹೋಗಿ ಕೇಳಿ ಬರುವುದಿಲ್ಲ. ಕೇಳುವುದು, ಪರೀಕ್ಷಿಸುವುದು, ಕೇಳಿದ್ದನ್ನು ನಿಷ್ಠೆಯಿಂದ ಬರೆಯುವುದು ಇವು ಮೂರೂ ನಿಮ್ಮ ಪಾಲಿಗೆ ಉಳಿದಿವೆ. ಹಿಂದುಳಿದ ಸಮುದಾಯ ಎಂದು ನಮ್ಮನ್ನು ಕರೆಯುವ ವರದಿಗಳನ್ನು ಇದುವರೆಗೆ ಇತರರು ಬರೆದರು. ನಾವು ಅವುಗಳಲ್ಲಿ ಅಂಕಿ ಅಂಶಗಳಾಗಿ ಉಳಿದೆವು. ಯಾರು ತಮ್ಮ ಊರಿನ ಲೆಕ್ಕವನ್ನು ತಾವೇ ಬರೆಯುವುದಿಲ್ಲವೋ ಅವರ ಲೆಕ್ಕವನ್ನು ಇತರರು ತಮಗೆ ಬೇಕಾದಂತೆ ಬರೆಯುತ್ತಾರೆ.

ಆ ವಿದ್ಯಾರ್ಥಿನಿ ಇಂದು ಈ ಸಭೆಯಲ್ಲಿ ಕುಳಿತಿದ್ದಾಳೆ. ಮಗಳೇ, ಈ ವಾರವೇ ಅಜ್ಜಿಯ ಬಳಿ ಕುಳಿತುಕೋ. ಮೊದಲ ಜಮಖಾನೆಗೆ ಅವರಿಗೆ ಎಷ್ಟು ಹಣ ಸಿಕ್ಕಿತೆಂದು ಕೇಳು. ಅಲ್ಲಿಂದ ಬರೆಯಲು ಆರಂಭಿಸು.